ಬೆಳಕಿನ ಲೆಕ್ಕದಲ್ಲಿ ಎರಡು ದಿನ: ಲಾಲ್‌ಬಾಗ್‌ನಿಂದ ಮೈಸೂರು ಅರಮನೆಗೆ

ಶನಿವಾರ ಬೆಳಿಗ್ಗೆ ಆರಕ್ಕೆಲ್ಲ ಬೆಂಗಳೂರಿನ ಲಾಲ್‌ಬಾಗ್ ಬಾಗಿಲಲ್ಲಿರಿ. ಬೆಂಗಳೂರು, ಮೈಸೂರುಗಳ ಉದ್ಯಾನಗಳನ್ನೂ ಚಿತ್ರಸಂಗ್ರಹಗಳನ್ನೂ ಒಂದೇ ಸುತ್ತಿನಲ್ಲಿ ನೋಡಬೇಕೆಂದರೆ ದಾರಿಯ ಲೆಕ್ಕಕ್ಕಿಂತ ಮೊದಲು ಬೆಳಕಿನ ಲೆಕ್ಕ ಹಾಕಬೇಕು. ಗಿಡಮರಗಳಿಗೆ ಎಳೆಬಿಸಿಲು, ಚಿತ್ರಗಳಿಗೆ ಹೊರಗೆ ಬಿಸಿಲು ಸುಡುವ ಹೊತ್ತು, ಕಾರಂಜಿಗೂ ದೀಪಕ್ಕೂ ಕತ್ತಲು.

ಮೊದಲು ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಆ ಕಲ್ಲಿನ ಮೇಲೆ, ಕೆಂಪೇಗೌಡ ಗೋಪುರದ ಬಳಿ ನಿಂತರೆ, 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ ಇಂದು 240 ಎಕರೆಗೆ ಹೇಗೆ ಹರಡಿಕೊಂಡಿದೆ ಎಂಬ ಅಂದಾಜು ಸಿಗುತ್ತದೆ. ಬಳಿಕ ಗಾಜಿನ ಮನೆಗೆ ಬನ್ನಿ. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಟ್ಟಡವನ್ನೇ ನೋಡುವ ಆಸೆಯಿದ್ದರೆ ಆ ದಿನಗಳನ್ನು ಬಿಟ್ಟುಬಿಡಿ. ಎರಕದ ಕಬ್ಬಿಣದ ಕಂಬಗಳನ್ನು ಕಣ್ಣಲ್ಲಿ ತುಂಬಿಕೊಳ್ಳಿ, ನಾಳೆ ನೆನಪಿಗೆ ಬೇಕಾಗುತ್ತವೆ.

ಹತ್ತರೊಳಗೆ ಹೊರಟು, ಹಸಿರು ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್ ತಲುಪಿ. ರೈಲಾಗಲಿ ಬಸ್ಸಾಗಲಿ, ಮೈಸೂರಿಗೆ ಸುಮಾರು ಮೂರು ತಾಸು.

ಊಟ ಮುಗಿಸಿ, ನಾಲ್ಕರ ಹೊತ್ತಿಗೆ ನಗರ ಬಸ್ ನಿಲ್ದಾಣದಿಂದ ಕೆಆರ್‌ಎಸ್ ಬಸ್ ಹಿಡಿಯಿರಿ. ಅಲ್ಲಿಯ ಬೃಂದಾವನ ಉದ್ಯಾನಕ್ಕೆ ಕತ್ತಲಾದ ಮೇಲೆ ಬರುವವರೇ ಹೆಚ್ಚು. ಅವರಿಗೆ ಬಣ್ಣದ ನೀರು ಕಾಣುತ್ತದೆ, ಹಂತಹಂತವಾಗಿ ಇಳಿಯುವ ತೋಟ ಕಾಣುವುದಿಲ್ಲ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದ ಈ ಉದ್ಯಾನವನ್ನು ಇಳಿಬಿಸಿಲಿನಲ್ಲಿ ಒಮ್ಮೆ ನಡೆದು ನೋಡಿ, ಆಮೇಲೆ ಸಂಗೀತ ಕಾರಂಜಿಯ ಕಡೆ ಹೊರಡಿ. ಅದು ಆಚೆ ತುದಿಯಲ್ಲಿದೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ಬೇಗನೆ ನಡೆಯಲು ಶುರುಮಾಡಿ.

ಭಾನುವಾರ ಜಗನ್ಮೋಹನ ಅರಮನೆ. 1861ರ ಈ ಕಟ್ಟಡ 1915ರಲ್ಲಿ ಚಿತ್ರಶಾಲೆಯಾಯಿತು. ಎಲ್ಲವನ್ನೂ ನೋಡಿಯೇ ತೀರುತ್ತೇನೆಂದು ಓಡಬೇಡಿ. ರವಿವರ್ಮನ ಕೆಲವು ಚಿತ್ರಗಳು, ಚಿನ್ನದ ರೇಕು ಹಚ್ಚಿದ ಮೈಸೂರು ಶೈಲಿಯ ಕೆಲವು ಚಿತ್ರಗಳು, ಆಮೇಲೆ ಕಲಾವಿದ ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರ. ಇದನ್ನು ರವಿವರ್ಮನದೆಂದು ಹೇಳುವವರು ಇಂದಿಗೂ ಇದ್ದಾರೆ. ಆ ತಪ್ಪನ್ನು ಮಕ್ಕಳಿಗೆ ದಾಟಿಸಬೇಡಿ. ಅದು ಜಲವರ್ಣ ಎಂಬುದನ್ನು ನೆನಪಿಟ್ಟು ನೋಡಿ. ಎಣ್ಣೆಬಣ್ಣವಾದರೆ ತಪ್ಪಿದಲ್ಲಿ ಮೇಲೆ ಬಳಿದು ಮುಚ್ಚಬಹುದು, ನೀರುಬಣ್ಣ ಅಷ್ಟು ಸುಲಭಕ್ಕೆ ತಿದ್ದಲು ಬಿಡುವುದಿಲ್ಲ. ಆದರೂ ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಒಳಗಿನಿಂದಲೇ ಕೆಂಪಾಗಿ ಹೊಳೆಯುತ್ತವೆ. ಹಿಂದಿನವರು ದಾಟಿ ಹೋಗಲಿ, ನೀವು ಐದು ನಿಮಿಷ ನಿಲ್ಲಿ.

ಮಧ್ಯಾಹ್ನ ಅಂಬಾವಿಲಾಸ, ಅಂದರೆ ಎಲ್ಲರೂ ಮೈಸೂರು ಅರಮನೆ ಎನ್ನುವ ಅರಮನೆ. ಚಪ್ಪಲಿ ಹೊರಗೇ ಬಿಡಬೇಕು, ಕಾಲುಚೀಲ ಹಾಕಿಕೊಂಡಿದ್ದರೆ ಹಿತ. ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ: ನವಿಲುಗಳ ಬಣ್ಣದ ಗಾಜು, ಅದನ್ನು ಹೊತ್ತ ಎರಕದ ಕಂಬಗಳು. ಈ ಕಂಬಗಳು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಸಾರಸೆನ್ ಫೌಂಡ್ರಿ ಎಂಬ ಎರಕದ ಕಾರ್ಖಾನೆಯಿಂದ. ನೀವು ಲಾಲ್‌ಬಾಗ್‌ನಲ್ಲಿ ನೋಡಿದ ಕಬ್ಬಿಣವೂ ಅಲ್ಲಿಯದೇ. ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಸಾಲು ತಪ್ಪಿಸದೆ ನೋಡುತ್ತ ನಡೆದರೆ ನೀವೇ ಮೆರವಣಿಗೆಯ ಜೊತೆ ಸಾಗುತ್ತಿರುವಂತೆ ಅನಿಸುತ್ತದೆ.

ಸಂಜೆ ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ದೀಪಗಳು ಹೊತ್ತಿಕೊಳ್ಳುತ್ತವೆ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಹೀಗೆ ಸುಮಾರು ಮುಕ್ಕಾಲು ತಾಸು ಉರಿಯುತ್ತವೆ. ಬೃಂದಾವನವನ್ನು ಶನಿವಾರಕ್ಕೆ ಇಟ್ಟದ್ದು ಇದಕ್ಕಾಗಿಯೇ. ವಾಪಸು ಟಿಕೆಟ್ ಎಂಟೂವರೆಯ ನಂತರದ್ದಿರಲಿ.