ಬಚ್ಚಲ ಸೌದೆಯ ಹಿಂದೊಂದು ಬಾಲ

ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಅಂಚಿಗೆ ನಮ್ಮ ಮನೆ. ಹಾವು ಕಾಣದ ತಿಂಗಳಿಲ್ಲ. ಒಂದು ಕಾಲಕ್ಕೆ ನಾನೂ ದೊಣ್ಣೆ ಹುಡುಕುವವರ ಪೈಕಿಯೇ. ಕೇರೆಯನ್ನು ನಾಗರವೆಂದು ಅಟ್ಟಲು ಹೋಗಿ ತುಳಸಿಕಟ್ಟೆಯ ಮೂಲೆ ಒಡೆದ ಖ್ಯಾತಿ ನನ್ನದು.

ಒಂದು ಏಪ್ರಿಲ್ ಮಧ್ಯಾಹ್ನ ಬಚ್ಚಲ ಒಲೆಗೆ ಸೌದೆ ತರಲು ಹೋದ ಅಮ್ಮ ಬರಿಗೈಯಲ್ಲಿ ಬಂದರು. "ಸೌದೆ ಹಿಂದೆ ಬಾಲ ಇದೆ ಮಾರಾಯ, ತಲೆ ಎಲ್ಲಿದೆಯೋ!" ಇಣುಕಿದೆ. ಎಣ್ಣೆಗಪ್ಪು ಮೈ, ಮಾಸಿದ ಹಳದಿ ಪಟ್ಟೆಗಳು, ನನ್ನ ಮುಂಗೈಯಷ್ಟು ದಪ್ಪ. ಅಷ್ಟರಲ್ಲಿ ಅದೇ ಸಂದಿಯಿಂದ ಕೇರೆಯೊಂದು ಚಾಟಿ ಬೀಸಿದಂತೆ ಹಾರಿ ಚರಂಡಿಗಿಳಿಯಿತು. ಬಂದ ನೆಂಟನ ಗುರುತು ಆಗ ಸಿಕ್ಕಿತು: ಕೇರೆಯ ಬೆನ್ನು ಹತ್ತಿದ ಕಾಳಿಂಗ. ಹಾವನ್ನೇ ತಿಂದು ಬದುಕುವ ಅದಕ್ಕೆ ನಮ್ಮ ಮೇಲೆ ಯಾವ ಹಗೆಯೂ ಇಲ್ಲ. ಆದರೂ ನನ್ನನ್ನು ಕಂಡು ಸೊಂಟದೆತ್ತರಕ್ಕೆ ಎದ್ದಿತು. ನಾಗರದ ಬುಸ್ ಅಲ್ಲ, ನಾಯಿ ಗಂಟಲೊಳಗೇ ಗುರುಗುಟ್ಟಿದ ಹಾಗೆ ಸದ್ದು.

ಬೆನ್ನು ತಿರುಗಿಸದೆ ಹಿಂದೆ ಸರಿದೆ. ನಾಯಿಯನ್ನು ಒಳಗೆ ಕೂಡಿ, ಹೊರಗಿನಿಂದ ಸುತ್ತಿ ಹೋಗಿ ತೋಟದ ಕಡೆಯ ಬಾಗಿಲು ತೆರೆದಿಟ್ಟೆ. ಅರಣ್ಯ ಇಲಾಖೆಗೆ ಫೋನ್ ಮಾಡಿ, ದೂರದ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತೆ. ಎಲ್ಲಿದೆ ಎಂದು ತಿಳಿದಿರುವ ಹಾವಿಗಿಂತ ಕಣ್ಣು ತಪ್ಪಿದ ಹಾವಿನ ಭಯವೇ ಹೆಚ್ಚು. ನೆರೆಯವರು ಕಾಯಿ ಒಡೆಯಲು ಹೊರಟಿದ್ದರು. ದೂರದಿಂದಲೇ ಒಡೆಯಿರಿ ಎಂದೆ. ಒಂದು ತಾಸಿನ ಮೇಲೆ ಅದು ನಾಲಿಗೆ ಚಾಚುತ್ತಾ, ಕೇರೆ ಹೋದ ಜಾಡನ್ನೇ ಹಿಡಿದು ತೋಟಕ್ಕಿಳಿಯಿತು. ಇಲಾಖೆಯವರು ಬಂದಾಗ ತೋರಿಸಲು ಉಳಿದಿದ್ದುದು ಚದುರಿದ ಸೌದೆ ಮಾತ್ರ.

ನಿಜ ಹೇಳಬೇಕೆಂದರೆ ನನಗೆ ಹೆಚ್ಚು ಹೆದರಿಕೆ ಗೇಣುದ್ದದ ಗುಳಿಮಂಡಲದ್ದು, ಮೂಗಿನ ತುದಿ ಮೇಲೆದ್ದಿರುವಂಥದ್ದು. ತರಗೆಲೆಯ ಬಣ್ಣ, ಹೆಜ್ಜೆ ಸಪ್ಪಳಕ್ಕೆ ಜರುಗುವುದೂ ಇಲ್ಲ. ನಮ್ಮಲ್ಲಿ ಸಿಗುವ, ಹಾವಿನ ವಿಷ ಇಳಿಸುವ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರದ್ದು, ಇದಕ್ಕಲ್ಲ. ನಮ್ಮ ಕೆಲಸದಾಳಿಗೆ ಇದು ಬೆರಳಿಗೆ ಕಚ್ಚಿದಾಗ ಉಂಗುರ ತೆಗೆಸಿ, ಕಟ್ಟು ಬಿಗಿಯದೆ, ಕೈ ಅಲುಗದಂತೆ ಹಿಡಿಸಿ ಆಸ್ಪತ್ರೆಗೆ ಒಯ್ದೆವು. ಊತ ಇಳಿಯಲು ಹತ್ತು ದಿನ ಬೇಕಾಯಿತು. ಅಂದಿನಿಂದ ಬಿದ್ದ ಅಡಿಕೆ ಹಾಳೆಯನ್ನು ಕೋಲಿನಿಂದ ಮಗುಚದೆ ಯಾರೂ ಎತ್ತುವುದಿಲ್ಲ.

ಸೌದೆಯನ್ನು ಈಗ ಗೋಡೆಯಿಂದ ದೂರ, ಕಲ್ಲಿನ ಮೇಲೆ ಎತ್ತರಿಸಿ ಪೇರಿಸಿದ್ದೇನೆ. ಅಮ್ಮ ಮಾತ್ರ ಇಂದಿಗೂ ರಾಶಿಗೆ ಎರಡು ಸಲ ಕೋಲು ಬಡಿದು, "ಇದ್ದರೆ ಹೊರಡಪ್ಪ" ಎಂದ ಮೇಲೆಯೇ ಕೈ ಹಾಕುತ್ತಾರೆ.