ಸೆಪ್ಸಿಸ್‌ನಲ್ಲಿ ಹಾರ್ಟ್ ಯಾಕೆ ಸೋಲುತ್ತೆ, ಮನೆಯವ್ರು ಅದನ್ನ ಬೇಗ ಹಿಡಿಯೋದು ಹೇಗೆ

ಮಳೆಗಾಲದಲ್ಲಿ ನಮ್ ಕೊಡಗಲ್ಲಿ ಕಾಲಿಗೆ ಗಾಯ ಇಲ್ದೇ ಇರೋ ಮನೆ ಕಮ್ಮಿ. ಜಿಗಣೆ ಕಚ್ಚಿದ ಜಾಗ ಕೆರೆದು ಕೀವಾಗಿರುತ್ತೆ, ತೋಟದಲ್ಲಿ ಕತ್ತಿ ತಾಗಿರುತ್ತೆ, ಗದ್ದೆ ನೀರಲ್ಲಿ ನಿಂತು ಬೆರಳ ಸಂದಿ ಒಡೆದಿರುತ್ತೆ, ಇದ್ರ ಜೊತೆಗೆ ಇಲಿಜ್ವರ, ನ್ಯುಮೋನಿಯಾ, ವಯಸ್ಸಾದವ್ರಿಗೆ ಯೂರಿನ್ ಇನ್ಫೆಕ್ಷನ್ ಬೇರೆ. ಹೆಚ್ಚಿನವು ಔಷಧಿಗೆ ಬಗ್ಗುತ್ವೆ. ಕೆಲವ್ರಲ್ಲಿ ಮಾತ್ರ ಇನ್ಫೆಕ್ಷನ್ ಜೊತೆ ಹೊಡೆದಾಡೋ ಭರದಲ್ಲಿ ದೇಹ ಹಿಡಿತ ತಪ್ಪಿ ತನ್ನದೇ ಅಂಗಗಳನ್ನ ಕೆಡಿಸಿಕೊಳ್ಳುತ್ತೆ, ಅದೇ ಸೆಪ್ಸಿಸ್, ಹಾಗೆ ಕೆಡೋ ಅಂಗಗಳಲ್ಲಿ ಹಾರ್ಟೂ ಒಂದು.

ಐಸಿಯು ಹೊರಗೆ ನಿಂತವ್ರು ಕೇಳೋದು ಒಂದೇ ಪ್ರಶ್ನೆ, "ಕಾಲಿನ ಗಾಯಕ್ಕೂ ಹಾರ್ಟಿಗೂ ಏನ್ ಸಂಬಂಧ, ಬ್ಲಾಕ್ ಏನಾದ್ರೂ ಇತ್ತಾ?" ಬ್ಲಾಕ್ ಇಲ್ದೇನೂ ಹೀಗಾಗುತ್ತೆ. ಇದನ್ನ ಅರ್ಥ ಮಾಡ್ಕೊಂಡ್ರೆ ಯಾಕೆ ಅಷ್ಟು ಅರ್ಜೆಂಟ್ ಅಂತಾನೂ ಗೊತ್ತಾಗುತ್ತೆ, ಅದಕ್ಕೆ ಮೊದ್ಲು ಕೋಶದ ಒಳಗೆ ಹೋಗೋಣ.

ಹಾರ್ಟಿನ ಸ್ನಾಯುಕೋಶದಲ್ಲಿ ಸುಮಾರು ಮೂರನೇ ಒಂದು ಭಾಗ ಜಾಗ ಮೈಟೋಕಾಂಡ್ರಿಯಾದ್ದೇ, ಬಡಿತಕ್ಕೆ ಬೇಕಾದ ಶಕ್ತಿ ಮಾಡೋದು ಅದು. ಅದ್ರ ಪಕ್ಕದಲ್ಲೇ ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನೋ ಕೋಶದೊಳಗಿನ ಇನ್ನೊಂದು ಪುಟ್ಟ ಅಂಗ, ಇದು ಕ್ಯಾಲ್ಸಿಯಂನ ಉಗ್ರಾಣ. ಪ್ರತಿ ಬಡಿತಕ್ಕೂ ಇದು ಕ್ಯಾಲ್ಸಿಯಂ ಬಿಡುತ್ತೆ, ಸ್ನಾಯು ಬಿಗಿಯುತ್ತೆ, ಆಮೇಲೆ ಸೆರ್ಕಾ ಅನ್ನೋ ಪಂಪ್ ವಾಪಸ್ ಎಳ್ಕೊಳ್ಳುತ್ತೆ. ಇವೆರಡೂ ಕೆಲವು ಕಡೆ ನ್ಯಾನೋಮೀಟರ್ ಲೆಕ್ಕದ ಅಂತರದಲ್ಲಿ ಪ್ರೋಟೀನ್‌ಗಳ ಮೂಲಕ ಒಂದಕ್ಕೊಂದು ಕಟ್ಟಿಕೊಂಡಿರುತ್ವೆ, ಯಾಕಂದ್ರೆ ಒಂದಿಷ್ಟು ಕ್ಯಾಲ್ಸಿಯಂ ಮೈಟೋಕಾಂಡ್ರಿಯಾಗೆ ಹೋದ್ರೇನೇ ಬಡಿತ ಜಾಸ್ತಿಯಾದಾಗ ಶಕ್ತಿನೂ ಜಾಸ್ತಿ ತಯಾರಾಗೋದು.

ಸೆಪ್ಸಿಸ್‌ನಲ್ಲಿ ಕೆಡೋದು ಈ ನಂಟು. ಬ್ಯಾಕ್ಟೀರಿಯಾದ ವಿಷ ಮತ್ತೆ ನಮ್ಮದೇ ದೇಹದ ಉರಿಯೂತದ ರಾಸಾಯನಿಕಗಳ ಹೊಡೆತಕ್ಕೆ ಕ್ಯಾಲ್ಸಿಯಂ ಬಾಗಿಲು, ಅಂದ್ರೆ ರಯನೋಡಿನ್ ರಿಸೆಪ್ಟರ್, ಗದ್ದೆಯ ತೂಬು ಸರಿ ಮುಚ್ಚದೇ ಇದ್ದಂಗೆ ಸೋರುತ್ತೆ, ಪಂಪೂ ನಿಧಾನ ಆಗುತ್ತೆ. ಆಗ ಬಡಿತಕ್ಕೆ ಬೇಕಾದಷ್ಟು ಕ್ಯಾಲ್ಸಿಯಂ ಉಗ್ರಾಣದಲ್ಲಿ ಇರಲ್ಲ, ಸೋರಿದ್ದು ಮೈಟೋಕಾಂಡ್ರಿಯಾದೊಳಗೆ ಅತಿಯಾಗಿ ತುಂಬಿ ಅದ್ರ ಪೊರೆಯಲ್ಲಿ ರಂಧ್ರ ತೆರೆಯುತ್ತೆ, ಶಕ್ತಿ ಬೀಳುತ್ತೆ, ಕೋಶಕ್ಕೆ ಹಾನಿ ಮಾಡೋ ಆಕ್ಸಿಜನ್ ರಾಡಿಕಲ್‌ಗಳು ಹೆಚ್ಚಾಗಿ ಆ ಬಾಗಿಲನ್ನೇ ಇನ್ನಷ್ಟು ಸೋರಿಸುತ್ವೆ. ಪ್ರಾಣಿಗಳ ಮೇಲಿನ ಅಧ್ಯಯನದಲ್ಲಿ ಇನ್ನೊಂದು ವಿಷ್ಯನೂ ಸಿಕ್ಕಿದೆ, ಒಡೆದ ಮೈಟೋಕಾಂಡ್ರಿಯಾದಿಂದ ಅದ್ರ ಡಿಎನ್ಎ ಹೊರಗೆ ಬಂದ್ರೆ ಕೋಶ ಅದನ್ನ ಹೊರಗಿನ ಶತ್ರು ಅಂದ್ಕೊಂಡು ಮತ್ತೆ ಉರಿಯೂತ ಎಬ್ಬಿಸುತ್ತೆ. ಹಾಳಾದ್ದನ್ನ ನುಂಗಿ ಕ್ಲೀನ್ ಮಾಡೋ ಲೈಸೋಸೋಮ್‌ಗಳೂ ಆಗ ಸೋತು ಹೋಗ್ಬೋದು.

ನನಗೆ ಇದ್ರಲ್ಲಿ ಮುಖ್ಯ ಅನ್ಸೋದು ಏನಂದ್ರೆ ಕೋಶಗಳು ಹೆಚ್ಚಾಗಿ ಸಾಯಲ್ಲ, ಕೆಲಸ ನಿಲ್ಲಿಸಿ ಕೂರುತ್ವೆ. 1984ರಲ್ಲೇ ಅಮೆರಿಕದ ವೈದ್ಯರು ಗಮನಿಸಿದ್ರು, ಸೆಪ್ಟಿಕ್ ಶಾಕ್, ಅಂದ್ರೆ ಸೆಪ್ಸಿಸ್‌ನಿಂದ ಬಿಪಿ ತೀರಾ ಕುಸಿದ ಸ್ಥಿತಿಯಲ್ಲಿ ಬಿದ್ದಿದ್ದ ಹಾರ್ಟ್ ಪಂಪಿಂಗ್ ಬದುಕುಳಿದವ್ರಲ್ಲಿ ಸುಮಾರು ಹತ್ತು ದಿನದಲ್ಲಿ ವಾಪಸ್ ಬಂತು. ಅಂದ್ರೆ ಹೊತ್ತಿಗೆ ಸರಿಯಾಗಿ ಇನ್ಫೆಕ್ಷನ್ ಹಿಡಿದ್ರೆ ಈ ಹಾರ್ಟ್ ಚೇತರಿಸಿಕೊಳ್ಳೋ ದಾರಿ ಇದೆ.

ಹಿಡಿಯೋದು ಹೇಗೆ? ಉಸಿರು ಎಣಿಸಿ, ಗಡಿಯಾರ ನೋಡ್ಕೊಂಡು ಪೂರ್ತಿ ಒಂದು ನಿಮಿಷ. ದೊಡ್ಡವ್ರಲ್ಲಿ 22 ಅಥವಾ ಮೇಲಿದ್ರೆ ಹುಷಾರು. ಮಾತು ತೊದಲೋದು, ಮನೆಯವ್ರ ಗುರುತು ಸಿಗದೇ ಇರೋದು, ಎಬ್ಬಿಸಿದ್ರೂ ಮಂಪರು, ಬಿಪಿ ಮೇಲಿನ ನಂಬರ್ 100 ಅಥವಾ ಕೆಳಗೆ, ಬೆಳಗ್ಗಿಂದ ಮೂತ್ರನೇ ಹೋಗದೇ ಇರೋದು, ಕೈಕಾಲು ತಣ್ಣಗಾಗಿ ಚರ್ಮ ಮಚ್ಚೆ ಮಚ್ಚೆ ಆಗೋದು, ಇವೆಲ್ಲ ಡೇಂಜರ್. ಇವೆಲ್ಲ ಒಟ್ಟಿಗೆ ಬರ್ಲಿ ಅಂತ ಕಾಯ್ಬೇಡಿ. ಅಜ್ಜ ಅಜ್ಜಿಯರಿಗೆ ಜ್ವರನೇ ಇಲ್ದಿರಬೋದು, ಮೈ ತಣ್ಣಗಿದೆ ಅಂತ ಸಮಾಧಾನ ಪಡ್ಬೇಡಿ, "ಸುಸ್ತು, ಮಲಗ್ಲಿ ಬಿಡು" ಅನ್ನೋ ಮಾತೇ ನಮ್ ಮನೆಗಳಲ್ಲಿ ಜಾಸ್ತಿ ಹೊತ್ತು ಕಳೆಯೋದು.

108ಕ್ಕೆ ಮಾಡಿ. ತೋಟದಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತೆ ಅಂತ ತೋಟದ ಕೆಲಸದವ್ರ ಲೈನ್ ಮನೆಯವ್ರಿಗೂ ಮೊದ್ಲೇ ಹೇಳಿಟ್ಟಿರಿ. ದೊಡ್ಡಾಸ್ಪತ್ರೆನೇ ಬೇಕು ಅಂತ ಮಡಿಕೇರಿಯಿಂದ ಸೀದಾ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಹೊರಡೋದು ನನಗೆ ಸರಿ ಕಾಣಲ್ಲ. ಮೊದ್ಲು ಹತ್ತಿರದ್ದು, ಮಡಿಕೇರಿ ಮೆಡಿಕಲ್ ಕಾಲೇಜ್ ಆಸ್ಪತ್ರೆನೋ ವಿರಾಜಪೇಟೆ, ಸೋಮವಾರಪೇಟೆ ತಾಲೂಕು ಆಸ್ಪತ್ರೆನೋ, ಅಲ್ಲಿ ಡ್ರಿಪ್, ಆಂಟಿಬಯಾಟಿಕ್ ಶುರುವಾಗ್ಲಿ, ಆಮೇಲೆ ಅವ್ರು ಕಳಿಸಿದ್ರೆ ಹೋಗಿ. ಶಾಕ್ ಇದ್ರೆ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಹೋಗ್ಬೇಕು ಅನ್ನೋದು ಡಾಕ್ಟರ್‌ಗಳ ಗುರಿ, ಮಳೆಯಲ್ಲಿ ಮರ ಬಿದ್ದ ರಸ್ತೆ ಅದಕ್ಕೆ ಬಿಡಲ್ಲ.

ಡಾಕ್ಟರ್ ಹತ್ರ ನೇರವಾಗಿ ಕೇಳಿ, "ಇದು ಸೆಪ್ಸಿಸ್ ಇರಬೋದಾ?" ಗಾಯ ಯಾವಾಗ ಆಯ್ತು, ಗದ್ದೆ ಕೆಲಸಕ್ಕೆ ಹೋಗಿದ್ರಾ, ಶುಗರ್ ಇದೆಯಾ, ಬಿಪಿ ಮಾತ್ರೆ ಯಾವ್ದು, ಎಲ್ಲಾ ಹೇಳಿ, ಮಾತ್ರೆ ಶೀಟ್ ಸಮೇತ ತಗೊಂಡೋಗಿ. ಮನೇಲಿ ಉಳಿದಿದ್ದ ಹಳೇ ಆಂಟಿಬಯಾಟಿಕ್ ಕೊಡ್ಬೇಡಿ, ರಕ್ತದಲ್ಲಿರೋ ಕ್ರಿಮಿ ಬೆಳೆಸಿ ನೋಡೋ ಬ್ಲಡ್ ಕಲ್ಚರ್ ಟೆಸ್ಟ್‌ನಲ್ಲಿ ಕ್ರಿಮಿ ಸಿಗದೇ ಹೋಗ್ಬೋದು, ಕೊಟ್ಟಾಗಿದ್ರೆ ಮುಚ್ಚಿಡ್ಬೇಡಿ. ಆಂಟಿಆಕ್ಸಿಡೆಂಟ್ ಪುಡಿ, ಟಾನಿಕ್ ಈ ಮೈಟೋಕಾಂಡ್ರಿಯಾವನ್ನ ರಿಪೇರಿ ಮಾಡುತ್ತೆ ಅಂತ ಯಾರಾದ್ರೂ ಮಾರಿದ್ರೆ ದುಡ್ಡು ಕೊಡ್ಬೇಡಿ.

ಆಸ್ಪತ್ರೆಯಲ್ಲಿ ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನ್ ಮಾಡಿ ಪಂಪಿಂಗ್ ಕಮ್ಮಿ ಅಂದಿದ್ರೆ ಡಿಸ್ಚಾರ್ಜ್ ದಿನವೇ ಕೇಳಿ, ಮತ್ತೆ ಎಕೋ ಯಾವಾಗ ಅಂತ, ಚೀಟಿಯಲ್ಲಿ ತಾರೀಖು ಬರೆಸ್ಕೊಳ್ಳಿ. ಅಲ್ಲೀವರೆಗೂ ಏದುಸಿರು ಬಂದ್ರೆ, ಕಾಲು ಊದಿದ್ರೆ ಆ ತಾರೀಖಿಗೆ ಕಾಯ್ದೇ ವಾಪಸ್ ಹೋಗಿ, ತೋಟದ ಭಾರದ ಕೆಲಸ ಡಾಕ್ಟರ್ ಹೇಳಿದ್ಮೇಲೇನೇ.