ಎಪ್ಪತ್ತೊಂದರಲ್ಲಿ ಕಲಿತ ಪಟ್ಟಿ ಕಟ್ಟುವ ಕೆಲಸ

ಯುದ್ಧದಲ್ಲಾದ ಗಾಯವನ್ನು ಆ ದಿನವೇ ಹೊಲಿಯುವುದಿಲ್ಲ. ಮಿಲಿಟರಿ ನರ್ಸಿಂಗ್ ಸರ್ವೀಸ್‌ಗೆ ಲೆಫ್ಟಿನೆಂಟ್ ಆಗಿ ಸೇರಿದ ಮೇಲೆ ನನಗೆ ಗಟ್ಟಿಯಾಗಿ ತಲೆಗೆ ಹತ್ತಿದ ಪಾಠ ಇದು. ಗುಂಡಿನ ಜೊತೆ ಬಟ್ಟೆಯ ಚೂರು, ಗದ್ದೆಯ ಕೆಸರು ಎಲ್ಲವೂ ಒಳಗೆ ಹೋಗಿರುತ್ತವೆ. ಸರ್ಜನ್ ಸತ್ತ ಮಾಂಸವನ್ನು ಕತ್ತರಿಸಿ ತೆಗೆದು ಗಾಯ ತೆರೆದೇ ಬಿಡುತ್ತಿದ್ದರು. ಅದರ ಮೇಲೆ ಗಾಜ್ ಬಟ್ಟೆಯನ್ನು ಹಗುರವಾಗಿ ಹರಡಬೇಕು, ತುರುಕಬಾರದು. ನಾಲ್ಕೈದು ದಿನ ಕಳೆದು, ಗಾಯ ಸ್ವಚ್ಛವಾಗಿ ಕಂಡರೆ ಮಾತ್ರ ಹೊಲಿಗೆ. ಗಾಳಿಯಾಡದ ಕಡೆ ಬೆಳೆಯುವ ರೋಗಾಣುವಿನಿಂದ ಗ್ಯಾಸ್ ಗ್ಯಾಂಗ್ರಿನ್ ಆದರೆ ಕಾಲು ಉಳಿಯುವುದು ಕಷ್ಟ, ಎಷ್ಟೋ ಸಲ ಜೀವವೂ.

ಆಗ ನಮ್ಮ ಉತ್ತರ ಕನ್ನಡದ ಕರಾವಳಿಗೆ ರೈಲಿರಲಿಲ್ಲ. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ಮುಂದೆ ರೈಲು. ಪಾಕಿಸ್ತಾನದ ಜೊತೆಗಿನ ಯುದ್ಧ ಅಧಿಕೃತವಾಗಿ ಶುರುವಾದದ್ದು 1971ರ ಡಿಸೆಂಬರ್ 3ರ ಸಂಜೆ. ಪೂರ್ವದ ಗಡಿಯಲ್ಲಿ ಅದಕ್ಕೂ ಮೊದಲೇ ಕಾಳಗ ನಡೆದಿದ್ದರಿಂದ ನವೆಂಬರ್ ಕೊನೆಗೇ ನಮ್ಮ ವಾರ್ಡು ತುಂಬತೊಡಗಿತ್ತು. ಸಿರಿಂಜು ಗಾಜಿನದು, ಪ್ರತಿ ಸಲ ಕುದಿಸಬೇಕು. ಡ್ರಿಪ್ಪಿನ ಹನಿಯನ್ನು ಕೈಗಡಿಯಾರ ನೋಡಿಕೊಂಡು ಎಣಿಸಬೇಕು. ಹಗಲಲ್ಲಿ ಬಿಡುವು ಸಿಕ್ಕಾಗಲೆಲ್ಲ ಗಾಜ್ ಮಡಚಿ ಡ್ರಮ್ಮಿಗೆ ತುಂಬಿ, ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್‌ಗೆ ಕಳಿಸುತ್ತಿದ್ದೆವು.

ರಾತ್ರಿ ಪಾಳಿಯಲ್ಲಿ ನಾನು ಹೆಚ್ಚು ನಂಬಿದ್ದು ಮೂಗನ್ನು. ಸಿಹಿ ಬೆರೆತ ಕೊಳೆತ ವಾಸನೆ, ಗಾಯಕ್ಕೆ ಮೀರಿದ ನೋವು, ಓಡುವ ನಾಡಿ, ಚರ್ಮ ಒತ್ತಿದರೆ ಒಳಗೆ ಚಟಚಟ ಅನ್ನುವುದು: ಇವುಗಳಲ್ಲಿ ಒಂದು ಕಂಡರೂ ಸರ್ಜನ್ನರನ್ನು ಎಬ್ಬಿಸುತ್ತಿದ್ದೆ. ಬೆಳಗಿನವರೆಗೆ ಕಾಯುವ ಮಾತೇ ಇರಲಿಲ್ಲ.

ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನಿ ಸೇನೆಯ ಶರಣಾಗತಿಯಾಯಿತು. ಸೆರೆಯಾದವರು ಸುಮಾರು 93 ಸಾವಿರ. ಅವರಲ್ಲಿ ಗಾಯಗೊಂಡ ಕೆಲವರು ನಮ್ಮಲ್ಲಿಗೂ ಬಂದರು. ಜಿನೀವಾ ಒಪ್ಪಂದದಂತೆ ಅವರಿಗೂ ಅದೇ ಆರೈಕೆ. ಬಾಗಿಲಲ್ಲಿ ಕಾವಲುಗಾರ ನಿಂತಿರುತ್ತಿದ್ದ, ಅಷ್ಟೇ ವ್ಯತ್ಯಾಸ. ಜ್ವರದಲ್ಲಿ ಅವರು ಕೂಗುತ್ತಿದ್ದದ್ದೂ ‘ಅಮ್ಮೀ’ ಎಂದೇ.

ನೆಲಬಾಂಬಿಗೆ ಕಾಲು ಕಳೆದುಕೊಂಡ ಹುಡುಗರ ಜೊತೆ ನಾನು ಹೆಚ್ಚು ದಿನ ಕಳೆದೆ. ಅವರನ್ನು ಮುಂದೆ ಪುಣೆಯ ಕೃತಕ ಅಂಗ ಕೇಂದ್ರಕ್ಕೆ ಕಳಿಸಬೇಕು. 1944ರಿಂದಲೂ ಇರುವ ಕೇಂದ್ರ ಅದು. ಆದರೆ ಮೊಂಡುಗಾಲು ಊದಿಕೊಂಡಿದ್ದರೆ, ಮೊಣಕಾಲು ಮಡಚಿದಂತೆಯೇ ಬಿಗಿದುಕೊಂಡಿದ್ದರೆ ಕೃತಕ ಕಾಲು ಕೂರುವುದಿಲ್ಲ. ಪಟ್ಟಿ ಕಟ್ಟಿ ಮೊಂಡುಗಾಲನ್ನು ಅದಕ್ಕೆ ತಯಾರು ಮಾಡುವುದು ವಾರ್ಡಿನ ಕೆಲಸ. ಇಲ್ಲದ ಪಾದ ತುರಿಸುತ್ತದೆ ಎಂದು ಅವರು ಹೇಳಿದಾಗ ಭ್ರಮೆ ಅನ್ನುತ್ತಿರಲಿಲ್ಲ. ಮೆತ್ತನೆಯ ಬಟ್ಟೆಯಿಂದ ಮೊಂಡುಗಾಲನ್ನು ಉಜ್ಜಿ, ಬೆರಳಿನಿಂದ ಮೆಲ್ಲನೆ ತಟ್ಟುತ್ತಿದ್ದೆ. ಹಲವರಿಗೆ ಅದರಿಂದ ಸ್ವಲ್ಪ ಹಗುರವಾಗುತ್ತಿತ್ತು.

ಮದುವೆಯಾಗಿ ಸೇವೆ ಬಿಟ್ಟು ಕಾರವಾರಕ್ಕೆ ಬಂದೆ. ಮದುವೆಯ ಕಾರಣಕ್ಕೆ ಮಿಲಿಟರಿ ನರ್ಸುಗಳನ್ನು ಸೇವೆಯಿಂದ ತೆಗೆಯುವುದು ಲಿಂಗ ತಾರತಮ್ಯ ಎಂದು 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಆ ಸುದ್ದಿಯನ್ನು ಮೊಮ್ಮಗಳಿಂದ ಎರಡು ಸಲ ಓದಿಸಿ ಕೇಳಿದೆ. ತುಂಬಾ ಸಂತೋಷವಾಯಿತು.

ಟಾಗೋರ್ ಕಡಲತೀರದಲ್ಲಿ ಇಟ್ಟಿರುವ ಚಾಪೆಲ್ ಯುದ್ಧನೌಕೆ ನೋಡಲು ಮೊಮ್ಮಕ್ಕಳನ್ನು ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಮಕ್ಕಳ ಕಣ್ಣು ಕ್ಷಿಪಣಿಯ ಮೇಲೆ. ಇದರ ಜೊತೆಗೆ ಒಂದು ಡ್ರೆಸ್ಸಿಂಗ್ ಟ್ರಾಲಿಯನ್ನೂ ಇಡಬೇಕಿತ್ತು ಅಂತ ನನಗೆ ನಿಜವಾಗಿಯೂ ಅನಿಸುತ್ತದೆ.

ಸಕ್ಕರೆ ಕಾಯಿಲೆಯಿಂದ ನಮ್ಮ ಯಜಮಾನರ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಗಿ ಬಂದಾಗ ಆ ವಾರ್ಡಿನ ಕೆಲಸ ಮತ್ತೆ ಕೈಗೆ ಬಂತು. ಈಗ ನನ್ನ ಬೆರಳುಗಳಲ್ಲಿ ಸಂಧಿವಾತ, ಪಟ್ಟಿಯನ್ನು ಬಿಗಿಯಾಗಿ ಎಳೆಯಲು ಆಗುವುದಿಲ್ಲ. ಅದಕ್ಕೇ ಮೊಮ್ಮಗಳಿಗೆ ಕಲಿಸಿದೆ.

“ಅಮ್ಮಮ್ಮ, ಮೇಲೆ ಇನ್ನೂ ಬಿಗಿ ಮಾಡ್ಲಾ?” ಅಂದಳು.

“ಬೇಡ ಮಗಾ. ತುದೀಲಿ ಬಿಗಿ, ಮೇಲೆ ಹೋದ ಹಾಗೆ ಸಡಿಲ. ಮೇಲೆ ಬಿಗಿದ್ರೆ ರಕ್ತ ಕೆಳಗೇ ನಿಂತು ತುದಿ ಊದ್ತದೆ.”

ಪಟ್ಟಿಯನ್ನು ಬಳೆಯಂತೆ ಸುತ್ತಬಾರದು. ಓರೆಯಾಗಿ, ಇಂಗ್ಲಿಷಿನ ಎಂಟರ ಅಂಕಿಯ ಆಕಾರದಲ್ಲಿ ಸುತ್ತುತ್ತ ಮೊಣಕಾಲು ದಾಟಿ ತೊಡೆಯವರೆಗೆ ಹೋಗಬೇಕು. ನಾಲ್ಕರಿಂದ ಆರು ತಾಸಿಗೊಮ್ಮೆ ಬಿಚ್ಚಿ, ಚರ್ಮ ನೋಡಿ ಮತ್ತೆ ಕಟ್ಟಬೇಕು. ನೋವು, ಜೋಮು, ಬಣ್ಣ ಬದಲಾಗುವುದು ಕಂಡರೆ ಕೂಡಲೇ ಬಿಚ್ಚಬೇಕು. ಸಕ್ಕರೆ ಕಾಯಿಲೆಯವರಿಗೆ ನೋವೇ ಗೊತ್ತಾಗದಿರಬಹುದು, ಹಾಗಾಗಿ ಅವರು ಹೇಳಲಿ ಅಂತ ಕಾಯಬಾರದು, ನಾವೇ ನೋಡಬೇಕು. ಮೊಣಕಾಲು ಮಡಚಿದಂತೆಯೇ ಬಿಗಿಯದಿರಲಿ ಎಂದು ಅದರ ಅಡಿಗೆ ದಿಂಬು ಕೊಡುವುದನ್ನು ನಾನು ಕಟ್ಟುನಿಟ್ಟಾಗಿ ನಿಲ್ಲಿಸಿದೆ. ನೋಡಲು ಬಂದ ನೆಂಟರೆಲ್ಲ ಪ್ರೀತಿಯಿಂದ ದಿಂಬು ತಂದಿಡುವವರೇ! ಡಾಕ್ಟರನ್ನು ಕೇಳಿಕೊಂಡು, ದಿನಕ್ಕೆ ಮೂರ್ನಾಲ್ಕು ಸಲ ಅರ್ಧ ತಾಸು ಬೋರಲು ಮಲಗಿಸುತ್ತಿದ್ದೆವು, ಸೊಂಟದ ಕೀಲು ಬಿಗಿಯದಿರಲಿ ಎಂದು.

ಎಲಾಸ್ಟಿಕ್ ಪಟ್ಟಿ ಎರಡು ಜೊತೆ ಬೇಕು. ಒಂದನ್ನು ಕಟ್ಟಿದಾಗ ಇನ್ನೊಂದನ್ನು ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದು, ಹಿಂಡದೆ, ನೆರಳಲ್ಲಿ ಚಪ್ಪಟೆಯಾಗಿ ಹಾಸಿ ಒಣಗಿಸುತ್ತಾಳೆ ಮೊಮ್ಮಗಳು. ಹಗ್ಗಕ್ಕೆ ನೇತುಹಾಕಿದರೆ ಅದರ ಎಳೆತ ಹೋಗಿಬಿಡುತ್ತದೆ.